ಐಸ್ ಬೀಳದ ಫ್ರಿಜ್, ತಾರಸಿ ಮೇಲಿನ ಟ್ಯಾಂಕ್

ಕೊಳಾಯಿಗೆ ನೇರ ಜೋಡಿಸಿದ ದೊಡ್ಡ ಫ್ರಿಜ್‌ನಲ್ಲಿ ಐಸ್ ಬೀಳುವುದು ನಿಂತರೆ ಎಲ್ಲರೂ ಮೊದಲು ಶಂಕಿಸುವುದು ಯಂತ್ರವನ್ನು. ವಾಲ್ವ್ ಬದಲಾಗುತ್ತದೆ, ಆಮೇಲೆ ಬೋರ್ಡ್, ಕಡೆಗೆ ಐಸ್ ಮೇಕರೇ ಹೋಗಿ ಹೊಸದು ಬರುತ್ತದೆ. ನಮ್ಮ ಊರುಗಳಲ್ಲಿ ಶಂಕಿಸಬೇಕಾದದ್ದು ಮೊದಲು ನೀರನ್ನು. ಈ ಬಗೆಯ ಐಸ್ ಮೇಕರ್ ಬಳಕೆಗೆ ಬಂದು ಬೆಳೆದದ್ದು ಅಮೆರಿಕದ ಮನೆಗಳಲ್ಲಿ. ಅಲ್ಲಿ ಬೀದಿಯ ಕೊಳವೆಯ ನೀರು ಹಗಲಿರುಳೂ ಒತ್ತಡದಲ್ಲೇ ಅಡುಗೆಮನೆಗೆ ನುಗ್ಗುತ್ತದೆ. ತಯಾರಕರು ಕೇಳುವ ಕನಿಷ್ಠ ಒತ್ತಡ ಸಾಮಾನ್ಯವಾಗಿ 20 ಪಿಎಸ್‌ಐ, ಕೆಲವರದು 30ರ ಆಸುಪಾಸು. ಬರೀ ಎತ್ತರದಿಂದಲೇ 20 ಪಿಎಸ್‌ಐ ಸಿಗಬೇಕಾದರೆ ಟ್ಯಾಂಕ್ ಫ್ರಿಜ್‌ಗಿಂತ ಸುಮಾರು 46 ಅಡಿ ಮೇಲಿರಬೇಕು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸಂಪಿನ ನೀರನ್ನು ತಾರಸಿಗೆ ಏರಿಸಿ ಇಳಿಸಿಕೊಳ್ಳುವ ಎರಡಂತಸ್ತಿನ ಮನೆಯಲ್ಲಿ ನೆಲಮಹಡಿಗೂ ಹೆಚ್ಚೆಂದರೆ 25 ಅಡಿ ಎತ್ತರದ ನೀರು, ಅಂದರೆ 11 ಪಿಎಸ್‌ಐ. ಮೇಲಿನ ಮಹಡಿಗೆ ಆರೋ ಏಳೋ.

ಇಷ್ಟು ಕಡಿಮೆ ಒತ್ತಡದಲ್ಲಿ ಐಸ್ ಬರುವುದೇ ಇಲ್ಲ ಎಂದಿದ್ದರೆ ಮೊದಲ ದಿನವೇ ಸತ್ಯ ಗೊತ್ತಾಗಿಬಿಡುತ್ತಿತ್ತು. ಆದರೆ ಬರುತ್ತದೆ, ಅರೆಬರೆಯಾಗಿ. ಬಹುತೇಕ ಮಾದರಿಗಳಲ್ಲಿ ವಾಲ್ವ್ ತೆರೆದಿರುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಅಚ್ಚು ತುಂಬದಿದ್ದರೆ ತುಂಡುಗಳು ಸಣ್ಣವಾಗಿ, ಟೊಳ್ಳಾಗಿ ಬೀಳುತ್ತವೆ. ಇನ್ನೊಂದು ಕಾಟವೂ ಇದೆ. ಆ ವಾಲ್ವ್ ಬಿಗಿಯಾಗಿ ಮುಚ್ಚಿಕೊಳ್ಳುವುದೂ ನೀರಿನ ಒತ್ತಡದ ನೆರವಿನಿಂದಲೇ. ಒತ್ತಡ ಸಾಲದೆ ಹನಿ ಜಿನುಗಿದರೆ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಅದು ನೀರು ತುಂಬುವ ನಳಿಗೆಯ ಬಾಯಲ್ಲೇ ಹೆಪ್ಪುಗಟ್ಟುತ್ತದೆ. ಬಂದ ಮೆಕ್ಯಾನಿಕ್ ಕಟ್ಟಿದ ನಳಿಗೆ ನೋಡಿ, ಕರಗಿಸಿ, ವಾಲ್ವ್ ಬದಲಿಸಿ ಹೋದರೆ ಕೆಲವು ದಿನ ಎಲ್ಲವೂ ಸರಿ. ಆಮೇಲೆ ಅದೇ ಕಥೆ. ಬೋರ್‌ವೆಲ್ ನೀರಾದರೆ ವಾಲ್ವಿನ ಜಾಲರಿಗೆ ಸುಣ್ಣದ ಪದರ ಕೂತು ಒತ್ತಡ ಇನ್ನೂ ಕುಗ್ಗುತ್ತದೆ. ಫ್ರಿಜ್‌ನೊಳಗಿನ ಇಂಗಾಲದ ಫಿಲ್ಟರ್ ಕ್ಲೋರಿನ್ ವಾಸನೆ ತೆಗೆದೀತೇ ಹೊರತು ಗಡಸುತನವನ್ನಲ್ಲ. ಗಡಸುತನಕ್ಕೆಂದು ಆರ್‌ಒ ಮೂಲಕ ಕೊಟ್ಟರೆ ಅದರಿಂದ ಹೊರಬರುವ ನೀರಿಗೆ ಕಸುವೇ ಇರುವುದಿಲ್ಲ.

ಇದೆಲ್ಲ ಕೈಪಿಡಿಯಲ್ಲಿ ಬರೆದಿದೆಯಲ್ಲ ಎನ್ನುವವರುಂಟು. ನಿಜ, ಬರೆದಿರುತ್ತದೆ, ಆದರೆ ಕೈಪಿಡಿ ಕೈಗೆ ಬರುವುದು ಹಣ ಕಟ್ಟಿ ಪೆಟ್ಟಿಗೆ ಬಿಚ್ಚಿದ ಮೇಲೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಂಬಂಧಪಟ್ಟ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಸೇವಾ ನ್ಯೂನತೆಯೇ. ‘ಬೇಕೆಂದೇ’ ಎಂಬುದನ್ನು ಆಯೋಗದ ಮುಂದೆ ಸಾಬೀತುಪಡಿಸುವುದು ಕಷ್ಟ, ಒಪ್ಪೋಣ. ಬೂಸ್ಟರ್ ಪಂಪ್ ಹಾಕಿದರೆ ಮುಗಿಯಿತಲ್ಲ ಎಂಬ ಮಾತೂ ಸುಳ್ಳಲ್ಲ, ಮುಗಿಯುತ್ತದೆ. ಆದರೆ ಆ ಖರ್ಚು ಫ್ರಿಜ್‌ನ ಬೆಲೆಯ ಜೊತೆ ಕಾಣಬೇಕಿತ್ತು, ಮೂರನೇ ರಿಪೇರಿಯ ಹೊತ್ತಿಗಲ್ಲ.

ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆದಾಗ ಗೃಹೋಪಯೋಗಿ ವಸ್ತುಗಳೂ ಅದರಲ್ಲಿದ್ದವು. ಯುರೋಪಿನಲ್ಲಿ 2021ರಿಂದ ಫ್ರಿಜ್‌ನ ಸೆನ್ಸರ್, ಸರ್ಕ್ಯೂಟ್ ಬೋರ್ಡ್‌ಗಳು ಕನಿಷ್ಠ ಏಳು ವರ್ಷ ಸಿಗಲೇಬೇಕೆಂಬ ನಿಯಮವಿದೆ. ಒಳ್ಳೆಯದೇ. ಆದರೆ ರೋಗ ಕೊಳವೆಯಲ್ಲಿದ್ದಾಗ ಬಿಡಿಭಾಗ ಎಷ್ಟು ಸಿಕ್ಕರೇನು? ಮನೆಯವರೇ ಕೈಹಾಕಿದರೆ ಅಪಾಯ ಎಂಬ ಎಚ್ಚರಿಕೆ ಕಂಪ್ರೆಸರಿನ ವಿಷಯದಲ್ಲಿ ಸರಿ. ಇಂದಿನ ಅನೇಕ ಫ್ರಿಜ್‌ಗಳಲ್ಲಿರುವ ಆರ್-600ಎ ಅನಿಲ ಹೊತ್ತಿಕೊಳ್ಳುವಂಥದ್ದು. ನೀರಿನ ಒತ್ತಡ ಅಳೆಯಲು ಅದನ್ನು ಯಾರೂ ಮುಟ್ಟಬೇಕಿಲ್ಲ, ನಲ್ಲಿಗೆ ತಿರುಗಿಸಿ ಕೂರಿಸುವ ಗೇಜ್ ಸಾಕು. ಅದರ ಬೆಲೆ ಕೆಲವು ನೂರು ರೂಪಾಯಿ. ಮಾರಾಟಕ್ಕೆ ಮುಂಚೆಯೇ ಅಳೆದು ಬಿಲ್ಲಿನಲ್ಲಿ ಆ ಅಂಕಿ ಬರೆಯಬೇಕೆಂಬ ನಿಯಮ ಬಂದರೆ, 11 ಎಂದು ಬರೆದ ಕೈಯೇ ಟ್ರೇ ತಿರುಚಿ ಐಸ್ ಉದುರಿಸಿಕೊಳ್ಳುವ ಅಗ್ಗದ ಮಾದರಿಯತ್ತ ಬೊಟ್ಟುಮಾಡಬೇಕಾಗುತ್ತದೆ. ಅದಕ್ಕೆ ಕೊಳಾಯಿಯೂ ಬೇಡ, ವಾಲ್ವೂ ಬೇಡ.