ಸೇಬಿನ ಹೊಳಪು: ಬೆಳಕು ಹೇಳುವುದೆಷ್ಟು, ಸ್ಟಿಕ್ಕರ್ ಹೇಳುವುದೆಷ್ಟು?

ಹಣ್ಣಿನಂಗಡಿಯಲ್ಲಿ ಎರಡು ರಾಶಿಗಳಿವೆ ಎಂದುಕೊಳ್ಳೋಣ. ಒಂದರಲ್ಲಿ ಶಿಮ್ಲಾ ಸೇಬು, ಕೊಂಚ ಮಂಕು. ಇನ್ನೊಂದರಲ್ಲಿ ಸ್ಟಿಕ್ಕರ್ ಅಂಟಿಸಿದ ವಾಷಿಂಗ್ಟನ್ ಸೇಬು, ಮುಖ ಕಾಣುವಷ್ಟು ಹೊಳಪು. ಅದನ್ನು ನೋಡಿ ಒಬ್ಬರು "ಫಾರಿನ್ ಹಣ್ಣು, ಚೆನ್ನಾಗಿರುತ್ತೆ" ಎಂದು ಹೆಚ್ಚು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಇನ್ನೊಬ್ಬರು ಚಾಕುವಿನಿಂದ ಸೇಬಿನ ಮೇಣ ಕೆರೆದು ತೋರಿಸುವ ವಾಟ್ಸ್‌ಆ್ಯಪ್ ವಿಡಿಯೊ ನೆನೆದು "ಅದು ವಿಷ" ಎಂದು ದೂರ ಸರಿಯುತ್ತಾರೆ. ತೀರ್ಮಾನ ತದ್ವಿರುದ್ಧ, ಆದರೆ ಇಬ್ಬರೂ ನಂಬಿದ್ದು ಹೊಳಪನ್ನೇ.

ಈ ಹೊಳಪು ಎಲ್ಲಿಂದ ಬರುತ್ತದೆ? ಬೆಳಕು ವಿದ್ಯುತ್ಕಾಂತೀಯ ಅಲೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಮೇಲ್ಮೈಯ ಉಬ್ಬುತಗ್ಗುಗಳು ಇದಕ್ಕಿಂತ ತುಂಬ ಚಿಕ್ಕವಾಗಿದ್ದರೆ ಬೆಳಕು ಶಿಸ್ತಾಗಿ ಒಂದೇ ದಿಕ್ಕಿಗೆ ಮರಳುತ್ತದೆ, ವಸ್ತು ಹೊಳೆಯುತ್ತದೆ. ಉಬ್ಬುತಗ್ಗು ದೊಡ್ಡದಾದರೆ ಬೆಳಕು ಎಲ್ಲ ಕಡೆ ಚದುರಿ ವಸ್ತು ಮಂಕಾಗಿ ಕಾಣುತ್ತದೆ. ಹೊಸ ಸ್ಟೀಲ್ ತಟ್ಟೆಗೂ ವರ್ಷಗಟ್ಟಲೆ ತಿಕ್ಕಿದ ತಟ್ಟೆಗೂ ಇರುವ ವ್ಯತ್ಯಾಸ ಇದೇ.

ಮರದಿಂದ ಆಗಷ್ಟೇ ಕಿತ್ತ ಸೇಬಿನ ಮೇಲೂ ಮೇಣವಿರುತ್ತದೆ. ಅದನ್ನು ಹಣ್ಣೇ ತಯಾರಿಸಿಕೊಳ್ಳುತ್ತದೆ. ಆ ಮೇಣದ ಸಣ್ಣ ಹರಳುಗಳು ಬೆಳಕನ್ನು ಚದುರಿಸುವುದರಿಂದ ಸೇಬಿನ ಮೇಲೆ ಬೂದಿ ಹಚ್ಚಿದಂತೆ ಕಾಣುತ್ತದೆ. (ದ್ರಾಕ್ಷಿಯ ಮೇಲಿನ ಬಿಳಿ ಪುಡಿಯನ್ನು ಔಷಧಿಯೆಂದೇ ನಂಬಿದವರು ನಮ್ಮಲ್ಲಿ ಬಹಳ. ಅದೂ ಹೆಚ್ಚಿನ ಮಟ್ಟಿಗೆ ಹಣ್ಣಿನದೇ ಮೇಣ.) ಪ್ಯಾಕಿಂಗ್ ಘಟಕದಲ್ಲಿ ಸೇಬನ್ನು ತೊಳೆದು ಬ್ರಷ್‌ನಿಂದ ಉಜ್ಜಿದಾಗ ಈ ಮೇಣ ಸಾಕಷ್ಟು ಹೋಗುತ್ತದೆ, ಹಣ್ಣಿನ ನೀರು ಬೇಗ ಆರುತ್ತದೆ. ಆ ನಷ್ಟ ತಡೆಯಲು ತೆಳುವಾಗಿ ಬೇರೆ ಮೇಣ ಹಚ್ಚುತ್ತಾರೆ. ಒಂದು ಹಣ್ಣಿಗೆ ಒಂದೆರಡು ಹನಿ ಸಾಕು. ಅದು ಸಣ್ಣ ಕುಳಿಗಳನ್ನು ತುಂಬಿ ನುಣುಪು ಮಾಡುತ್ತದೆ. ಹೊಳಪು ಹೇಳುವುದು ಇಷ್ಟನ್ನೇ: ಮೇಲ್ಮೈ ನುಣುಪಾಗಿದೆ.

ಭಾರತದ ಆಹಾರ ಸುರಕ್ಷತಾ ನಿಯಮಗಳು ತಾಜಾ ಹಣ್ಣಿಗೆ ಜೇನುಮೇಣ, ಕಾರ್ನೌಬಾ ಮೇಣ, ಶೆಲ್ಲಾಕ್ ಹಚ್ಚಲು ಒಪ್ಪುತ್ತವೆ, ಲೇಬಲ್‌ನಲ್ಲಿ ಹೇಳಬೇಕೆಂಬ ಷರತ್ತಿನ ಮೇಲೆ. ಕಾರ್ನೌಬಾ ಬ್ರೆಜಿಲಿನ ಒಂದು ತಾಳೆಯ ಎಲೆಯದು. ಶೆಲ್ಲಾಕ್ ಎಂದರೆ ನಮ್ಮ ಅರಗು, ಕೀಟ ಸ್ರವಿಸುವ ವಸ್ತು, ಮಾತ್ರೆಗಳ ಮೇಲೂ ಬಳಸುತ್ತಾರೆ. ಕಟ್ಟಾ ಸಸ್ಯಾಹಾರಿಗಳಿಗೆ ಇದು ನಿಜವಾಗಿ ಕೇಳಬೇಕಾದ ಪ್ರಶ್ನೆ. ವಿಡಿಯೊಗಳು ಮಾತ್ರ ಅದನ್ನು ಕೇಳುವುದಿಲ್ಲ.

ಹಾಗಾದರೆ ಊರಿನ ಹೆಸರು ಕೇಳಿದೊಡನೆ ನಮ್ಮ ಅಭಿಪ್ರಾಯ ಏಕೆ ವಾಲುತ್ತದೆ? 1965ರಲ್ಲಿ ರಾಬರ್ಟ್ ಸ್ಕೂಲರ್ ಪ್ರಕಟಿಸಿದ ಅಧ್ಯಯನವೊಂದಿದೆ. ಗ್ವಾಟೆಮಾಲಾದ ವಿದ್ಯಾರ್ಥಿಗಳಿಗೆ ಒಂದೇ ಹಣ್ಣಿನ ರಸವನ್ನೂ ಒಂದೇ ಬಟ್ಟೆಯ ತುಂಡನ್ನೂ ಬೇರೆ ಬೇರೆ ದೇಶದ ಹೆಸರು ಬರೆದು ಕೊಡಲಾಯಿತು. ವಸ್ತು ಒಂದೇ ಆದರೂ ಎಲ್ ಸಾಲ್ವಡಾರ್, ಕೋಸ್ಟರಿಕಾ ಹೆಸರಿದ್ದವಕ್ಕೆ ಕಡಿಮೆ ಅಂಕ ಬಿತ್ತು. ಮುಂದೆ 1987ರಲ್ಲಿ ಶಿಂಪ್ ಮತ್ತು ಶರ್ಮಾ ಎಂಬ ಸಂಶೋಧಕರು, ವಿದೇಶಿ ಮಾಲು ಕೊಳ್ಳುವುದೇ ತಪ್ಪು ಎಂಬ ಭಾವನೆಯನ್ನು ಅಳೆಯಲು 17 ಹೇಳಿಕೆಗಳ ಪ್ರಶ್ನಾವಳಿ ರೂಪಿಸಿದರು. ಒಲವಾಗಲಿ ದ್ವೇಷವಾಗಲಿ, ರುಚಿ ನೋಡುವ ಮೊದಲೇ ಸಿದ್ಧವಾಗಿರಬಹುದು ಎಂಬುದು ಇಂಥ ಅಧ್ಯಯನಗಳ ತಿರುಳು.

ಸ್ಟಿಕ್ಕರ್ ಸಂಖ್ಯೆಯ ಕಥೆಯೂ ಹೀಗೆಯೇ. ನಾಲ್ಕು ಅಂಕಿ ಇದ್ದರೆ ಕೀಟನಾಶಕದ ಹಣ್ಣು, 8ರಿಂದ ಶುರುವಾದರೆ ಕುಲಾಂತರಿ ಎಂಬ ಸಂದೇಶ ವರ್ಷಗಳಿಂದ ಓಡಾಡುತ್ತಿದೆ. ಈ ಸಂಖ್ಯೆ ಇರುವುದು ಕೌಂಟರ್‌ನಲ್ಲಿ ಬಿಲ್ ಮಾಡುವವರಿಗಾಗಿ. ಅದು ಹಣ್ಣಿನ ಜಾತಿ, ತಳಿ, ಗಾತ್ರ ಸೂಚಿಸುತ್ತದೆ. ಸಾಮಾನ್ಯ ಹಳದಿ ಬಾಳೆಹಣ್ಣು ಯಾವ ದೇಶದ್ದಾದರೂ 4011. ಮೊದಲಿಗೆ 9 ಸೇರಿದರೆ ಸಾವಯವ ಎಂದು ಮಾರುವ ಹಣ್ಣು, ಇದೊಂದು ಮಾತ್ರ ನಿಜ. 8ರ ಸರಣಿ ಅಂಗಡಿಗಳಲ್ಲಿ ಕುಲಾಂತರಿಯ ಗುರುತಾಗಿ ಬಳಕೆಗೆ ಬರಲೇ ಇಲ್ಲ.

ಹಣ್ಣಿನ ಒಳಗನ್ನು ತಿಳಿಯಲು ಬೆಳಕು ಬೇರೆ ರೀತಿಯಲ್ಲಿ ನೆರವಾಗುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಒಂದು ಪಾಲು ಸಿಪ್ಪೆ ದಾಟಿ ತಿರುಳಿನಲ್ಲಿ ಚದುರುತ್ತದೆ. ಸೇಬಿನ ಒಂದು ಬಿಂದುವಿಗೆ ಬೆಳಕು ಬಿಟ್ಟು, ಅದು ಸುತ್ತ ಎಷ್ಟು ಹರಡಿತೆಂದು ಅಳೆದು ಹಣ್ಣಿನ ಗಟ್ಟಿತನ ಅಂದಾಜಿಸುವ ವಿಧಾನವನ್ನು ಅಮೆರಿಕದ ಸಂಶೋಧಕರು ರೂಪಿಸಿದ್ದಾರೆ. ಮೇಲ್ಮೈಯಿಂದ ಮರಳುವ ಹೊಳಪಿನಲ್ಲಿ ಈ ಸುದ್ದಿ ಇಲ್ಲ.

ಅಂಗಡಿಯಲ್ಲಿ ಅಂಥ ಉಪಕರಣ ಇಲ್ಲ, ಸರಿ. ಒತ್ತಿದರೆ ಮೆತ್ತಗಿದೆಯೇ, ಸಿಪ್ಪೆ ಸುಕ್ಕಾಗಿದೆಯೇ ನೋಡಬಹುದು. ವಾಷಿಂಗ್ಟನ್ನಿನಲ್ಲಿ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್ ಹೊತ್ತಿನದು. ಏಪ್ರಿಲ್‌ನಲ್ಲಿ ಸಿಗುವ ಹಣ್ಣು ಆಮ್ಲಜನಕ ತಗ್ಗಿಸಿದ ಶೀತಗೃಹದಲ್ಲಿ ತಿಂಗಳುಗಟ್ಟಲೆ ಇದ್ದದ್ದು. ಅದರಿಂದ ಹಾನಿಯೇನಿಲ್ಲ, ಆದರೆ 'ತಾಜಾ' ಎಂದು ಹೆಚ್ಚುವರಿ ಬೆಲೆ ಕೊಡುವವರು ಯೋಚಿಸಬೇಕಾದ ಸಂಗತಿ. ಮೇಣ ನೀರಿನಲ್ಲಿ ಕರಗದು. ಹರಿಯುವ ನೀರಿನಲ್ಲಿ ಕೈಯಿಂದ ಚೆನ್ನಾಗಿ ಉಜ್ಜಿ ತೊಳೆದರೆ ಮೇಲಿನ ಕೊಳೆ ಹೋಗುತ್ತದೆ. ಮೇಣವೇ ಬೇಡವೆನ್ನುವವರು ಸಿಪ್ಪೆ ಹೆರೆಯಬೇಕು, ಸಿಪ್ಪೆಯ ನಾರನ್ನೂ ಬಿಟ್ಟುಕೊಡಬೇಕು.