ಮೇಕೆದಾಟು: ಮಾರ್ಚ್‌ ತಿಂಗಳ ಎರಡೂವರೆ ಟಿಎಂಸಿ

ಕಾವೇರಿಗೆ ಅಡ್ಡಲಾಗಿ ಕರ್ನಾಟಕ ಕಟ್ಟಬೇಕೆಂದಿರುವ ಮೇಕೆದಾಟು ಅಣೆಕಟ್ಟು ಬೇಕೇ ಬೇಡವೇ ಎಂಬುದು ಬೇರೆ ಮಾತು. ವಿದ್ಯುತ್ತಿಗಾಗಿ ಬೇಕು ಎಂಬ ವಾದವನ್ನಂತೂ ಕೈಬಿಡುವುದು ಒಳ್ಳೆಯದು. ತಮಿಳುನಾಡಿನ ಅರ್ಜಿ ಅವಧಿಪೂರ್ವ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದ್ದೇ ತಡ, ‘400 ಮೆಗಾವಾಟ್’ ಮಂತ್ರಪಠಣ ಮತ್ತೆ ಶುರುವಾಗಿದೆ. 67.16 ಟಿಎಂಸಿ ಸಂಗ್ರಹದ ಮೇಲೆ, ಬೆಂಗಳೂರಿನ 4.75 ಟಿಎಂಸಿ ಕುಡಿಯುವ ನೀರಿನ ಮೇಲೆ ಎರಡೂ ರಾಜ್ಯಗಳು ಹನಿಹನಿಗೂ ಕಿತ್ತಾಡಿವೆ. ಈ 400ರ ಗೊಡವೆಗೆ ಮಾತ್ರ ಯಾರೂ ಹೋಗಿಲ್ಲ.

ಟರ್ಬೈನ್ ಎಷ್ಟು ಗಂಟೆ ತಿರುಗೀತು ಎಂಬ ಲೆಕ್ಕಕ್ಕೆ ಬೇಕಾದ ಅಂಕಿ ಗುಟ್ಟಿನದೇನಲ್ಲ. ಸುಪ್ರೀಂ ಕೋರ್ಟಿನ 2018ರ ಕಾವೇರಿ ತೀರ್ಪಿನ ಪ್ರಕಾರ ಸಾಮಾನ್ಯ ವರ್ಷದಲ್ಲಿ ಗಡಿಯ ಬಿಳಿಗುಂಡ್ಲು ದಾಟಿ ತಮಿಳುನಾಡಿಗೆ ಹೋಗಬೇಕಾದದ್ದು 177.25 ಟಿಎಂಸಿ. ಅದರಲ್ಲಿ ಆಗಸ್ಟ್‌ ಪಾಲು 45.95, ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ ಬರೀ 2.5. ಮಾರ್ಚ್‌ನ ಆ ಎರಡೂವರೆ ಟಿಎಂಸಿ ಅಣೆಕಟ್ಟಿನ ಪೂರ್ತಿ 99 ಮೀಟರ್ ಎತ್ತರದಿಂದ, ಒಂದಿಷ್ಟೂ ಸೋರದೆ ಸವೆಯದೆ ಟರ್ಬೈನಿಗೆ ಬಿತ್ತು ಎಂದೇ ಇಟ್ಟುಕೊಳ್ಳೋಣ. ಹುಟ್ಟುವುದು ಸುಮಾರು 1.9 ಕೋಟಿ ಯೂನಿಟ್. 400 ಮೆಗಾವಾಟ್ ಸ್ಥಾವರ ಗಂಟೆಗೆ 4 ಲಕ್ಷ ಯೂನಿಟ್ ಕೊಡುತ್ತದೆ. ಅಂದರೆ ಇಡೀ ತಿಂಗಳಿಗೆ 48 ಗಂಟೆ, ದಿನಕ್ಕೆ ಒಂದೂವರೆ ಗಂಟೆ! ಆಗಸ್ಟ್‌ನಲ್ಲಿ ಹಗಲೂ ರಾತ್ರಿ ಓಡಿಸಬಹುದು ನಿಜ, ಆದರೆ ಮಳೆ ಹಿಡಿದ ಆ ದಿನಗಳಲ್ಲಿ ರೈತರ ಪಂಪ್‌ಸೆಟ್‌ಗೂ ಬೆಂಗಳೂರಿನ ಉಪ್ಪಾರಪೇಟೆಯ ಲಾಡ್ಜಿನ ಎ.ಸಿ.ಗೂ ಬಿಡುವು. ಕರೆಂಟು ಬೇಕಾಗುವ ತಿಂಗಳುಗಳೇ ನದಿ ಸೊರಗುವ ತಿಂಗಳುಗಳು.

ಇದು ಹೊಸ ಪಾಠವೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಹತ್ತಿತು. ಈ ಹೆಮ್ಮೆಯ ಕಥೆ ಎಲ್ಲರ ಬಾಯಲ್ಲೂ ಇದೆ. ಬೇಸಿಗೆಯಲ್ಲಿ ಜಲಪಾತಕ್ಕೆ ನೀರು ಸಾಲದೆ, 1911ರಲ್ಲಿ ಮೇಲ್ಭಾಗದ ಕನ್ನಂಬಾಡಿಯಲ್ಲಿ ಕಟ್ಟೆ ಶುರು ಮಾಡಲು ಗಣಿಯ ವಿದ್ಯುತ್ ಬೇಡಿಕೆಯೂ ಒಂದು ದೊಡ್ಡ ಕಾರಣವಾಯಿತು ಎಂಬುದನ್ನು ಮಾತ್ರ ನುಂಗಿಬಿಡುತ್ತೇವೆ. ಆ ಕಟ್ಟೆಯ ತಕರಾರು ಮದ್ರಾಸಿನೊಂದಿಗೆ 1924ರ ಒಪ್ಪಂದದವರೆಗೂ ಎಳೆಯಿತು.

ಸಂಜೆಯ ಆ ಒಂದೂವರೆ ಗಂಟೆಯೇ ಬಂಗಾರ, ಪಾವಗಡದ ಸೌರಫಲಕಗಳು ಮುಳುಗುವ ಸೂರ್ಯನ ಜೊತೆ ಕೈಕೊಟ್ಟಾಗ ಬೇಕಾದದ್ದು ಇದೇ ಎನ್ನುವವರಿದ್ದಾರೆ. ತೂಕದ ಮಾತು, ಒಪ್ಪುತ್ತೇನೆ. ಹಾಗಾದರೆ ಯೋಜನೆಯನ್ನು ಸಂಜೆ ಹೊತ್ತಿನ ವಿದ್ಯುತ್ ಎಂದೇ ಕರೆದು, ಅದೇ ಕೆಲಸವನ್ನು ಈಗಲೇ ಮಾಡುತ್ತಿರುವ ಶರಾವತಿಯ 1,035 ಮೆಗಾವಾಟ್ ಸ್ಥಾವರದ ಪಕ್ಕದಲ್ಲಿಟ್ಟು ಬೆಲೆ ಕಟ್ಟಲಿ. ಒಳ್ಳೆ ಮಳೆಯ ವರ್ಷದ ಹೆಚ್ಚುವರಿ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡುತ್ತೇವೆ ಎಂಬ ಇನ್ನೊಂದು ವಾದ ಇಷ್ಟು ಗಟ್ಟಿಯಲ್ಲ. ಬೆಂಗಳೂರಿನ ಕೊಳಾಯಿಗೆಂದು ಕೂಡಿಟ್ಟ ನೀರನ್ನೇ ಟರ್ಬೈನಿಗೂ ಬರೆದಿಟ್ಟರೆ ನೀರಿಗೆ ಬರ ಬಂದ 2024ರ ಬೇಸಿಗೆಯಂಥದ್ದು ಮತ್ತೆ ಬಂದಾಗ ಯಾವುದಕ್ಕೆ ಮೊದಲ ಹಕ್ಕು? ಕೊಳಾಯಿಗೇ. ಜಲಾಶಯ ಇಳಿದಷ್ಟೂ ನೀರು ಬೀಳುವ ಎತ್ತರವೂ ಇಳಿಯುತ್ತದೆ, ಅಷ್ಟೇ ನೀರಿಗೆ ಯೂನಿಟ್ಟು ಕಡಿಮೆ.

2019ರ ವಿಸ್ತೃತ ಯೋಜನಾ ವರದಿಯ ಅಂದಾಜೇ 9,000 ಕೋಟಿ ರೂಪಾಯಿ; ಮುಳುಗುವುದು ಸುಮಾರು 5,000 ಹೆಕ್ಟೇರ್, ಬಹುಪಾಲು ಕಾವೇರಿ ವನ್ಯಜೀವಿಧಾಮದ ಕಾಡು. ಕುಡಿಯುವ ನೀರಿಗಾಗಿ ಇಷ್ಟು ತೆರಬೇಕೇ ಎಂಬ ಚರ್ಚೆ ನೇರವಾಗಿ ನಡೆಯಲಿ. ತಿಂಗಳುವಾರು ಯೂನಿಟ್ ಲೆಕ್ಕವನ್ನು ಜನರ ಮುಂದಿಡುವ ತನಕ 400 ಮೆಗಾವಾಟನ್ನು ಆ ತಕ್ಕಡಿಗೆ ಹಾಕಕೂಡದು.