ಸಿಬ್ಬಂದಿಯ ನಿರ್ಗಮನ: ನೃತ್ಯಾಂಗಣವೊಂದರ ಪಾಠ

ಸೇವಾ ಉದ್ಯಮದಲ್ಲಿ ನುರಿತ ಸಿಬ್ಬಂದಿ ಕೆಲಸ ಬಿಟ್ಟಾಗ ಅವರ ನಿಷ್ಠೆಯನ್ನು ದೂರುವುದು ಮಾಲೀಕರ ವಾಡಿಕೆ. ಲೋಪವಿರುವುದು ಬಹುಮಟ್ಟಿಗೆ ವ್ಯವಸ್ಥೆಯಲ್ಲಿ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1926ರಲ್ಲಿ ಆರಂಭವಾದ ಸವಾಯ್ ಬಾಲ್‌ರೂಮ್ ಎಂಬ ಸಾರ್ವಜನಿಕ ನೃತ್ಯಾಂಗಣ ಈ ದೃಷ್ಟಿಯಿಂದ ಗಮನಾರ್ಹ.

ಅದರ ಯಶಸ್ಸು ಒಬ್ಬ ಕಲಾವಿದನನ್ನೇ ಅವಲಂಬಿಸಿರಲಿಲ್ಲ. ಎರಡು ವಾದ್ಯವೇದಿಕೆಗಳಿದ್ದುದರಿಂದ ಒಂದು ತಂಡ ವಿರಮಿಸಿದೊಡನೆ ಇನ್ನೊಂದು ನುಡಿಸುತ್ತಿತ್ತು, ನರ್ತಿಸುವವರು ಕಾಯಬೇಕಾಗಿರಲಿಲ್ಲ. ಸವೆದ ಮರದ ನೆಲಹಾಸನ್ನು ಕಾಲಕಾಲಕ್ಕೆ ಬದಲಾಯಿಸಲಾಗುತ್ತಿತ್ತು. ವರ್ಣಭೇದ ಪ್ರಬಲವಾಗಿದ್ದ ಕಾಲದಲ್ಲಿಯೂ ಕಪ್ಪು, ಬಿಳಿಯ ಜನರಿಬ್ಬರಿಗೂ ಅಲ್ಲಿ ಪ್ರವೇಶವಿತ್ತು. ವ್ಯವಸ್ಥಾಪಕ ಚಾರ್ಲ್ಸ್ ಬುಕಾನನ್ ದೀರ್ಘಕಾಲ ಹೊಣೆ ಹೊತ್ತಿದ್ದರು.

ನೃತ್ಯಾಂಗಣದ ಹೆಸರಿನೊಡನೆ ಬೆರೆತುಹೋಗಿದ್ದ ತಂಡನಾಯಕ ಚಿಕ್ ವೆಬ್ 1939ರಲ್ಲಿ ನಿಧನರಾದರು. ಆದರೂ ಸಂಸ್ಥೆ 1958ರವರೆಗೆ ಉಳಿಯಿತು. ತಂಡದ ನಾಯಕತ್ವ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ಅವರಿಗೆ ಬಂದಿತು. ಅವರು 1935ರಲ್ಲಿ ತಂಡ ಸೇರಿ, ವೆಬ್ ಅವರೊಡನೆಯೇ ಬೆಳೆದವರು.

ಹೀಗಾಗಿ, ನೌಕರರು ಹೋದರೆ ಹೋಗಲಿ ಎಂಬ ಉದಾಸೀನಕ್ಕೆ ಈ ನಿದರ್ಶನದಲ್ಲಿ ಆಧಾರವಿಲ್ಲ. ಹೋಗುವವರ ಸ್ಥಾನಕ್ಕೆ ಒಳಗಿನವರೇ ಸಿದ್ಧರಿರಬೇಕು. ಅದಕ್ಕೆ ತರಬೇತಿ, ನ್ಯಾಯವಾದ ವೇತನ, ಬಡ್ತಿಯ ಭರವಸೆ ಬೇಕು. ಹೋಟೆಲು, ಕ್ಲಬ್ಬು, ಸಭಾಂಗಣಗಳನ್ನು ನಡೆಸುವವರು ಕಟ್ಟಡದ ಅಲಂಕಾರಕ್ಕೆ ಹಣ ತೊಡಗಿಸುವ ಮುನ್ನ ಎರಡನೆಯ ಸಾಲಿನ ಸಿಬ್ಬಂದಿಯನ್ನು ಬೆಳೆಸುವುದು ಲೇಸು. ರಾಜೀನಾಮೆ ಕೈಸೇರಿದ ದಿನ ಆ ಕೆಲಸ ಆರಂಭಿಸಿದರೆ ತಡವಾಗಿರುತ್ತದೆ.